ಮರ್ಜರ್ ಸುದ್ದಿ ಬಂದ ದಿನ ಮನಸ್ಸಿಗೆ ಏನಾಗುತ್ತದೆ? – ಪದೇ ಪದೇ ಕೇಳುವ ಪ್ರಶ್ನೆಗಳು

2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಮೈಸೂರು. 2019ರ ಏಪ್ರಿಲ್ 1ರಂದು ವಿಜಯ ಬ್ಯಾಂಕ್. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕ್. ಮೂರು ವರ್ಷದಲ್ಲಿ ಕರ್ನಾಟಕದ ಮಣ್ಣಿನಲ್ಲಿ ಹುಟ್ಟಿದ ನಾಲ್ಕು ಬ್ಯಾಂಕುಗಳ ಬೋರ್ಡು ಇಳಿಯಿತು. ಮೂವತ್ತು ಚಿಲ್ಲರೆ ವರ್ಷ ಬ್ಯಾಂಕಿನಲ್ಲಿ ಕಳೆದ ನಾನು ಒಂದು ವಿಲೀನವನ್ನು ಶಾಖೆಯ ಮ್ಯಾನೇಜರ್ ಕುರ್ಚಿಯಲ್ಲೇ ಕೂತು ನೋಡಿದೆ. ಯಾವ ಬ್ಯಾಂಕು ಎಂಬುದು ಇಲ್ಲಿ ಬೇಡ.

ನಿವೃತ್ತಿಯ ಮೇಲೆ ಹಳೆಯ ಸಹೋದ್ಯೋಗಿಗಳು, ಅವರ ಮಕ್ಕಳು, ಆ ಮಕ್ಕಳ ಬೆಂಗಳೂರಿನ ಸ್ನೇಹಿತರು ಫೋನ್ ಮಾಡಿ ಕೇಳಿದ ಪ್ರಶ್ನೆಗಳಿವು. ಅವರಲ್ಲಿ ಬ್ಯಾಂಕಿನವರು ಅರ್ಧ ಮಾತ್ರ. ಉಳಿದವರದು ರೀಸ್ಟ್ರಕ್ಚರಿಂಗ್, ಹೊಸ ಮ್ಯಾನೇಜ್‌ಮೆಂಟ್, ಆಫೀಸ್ ಶಿಫ್ಟ್. ಹೆಸರು ಬೇರೆ, ಹೊಟ್ಟೆಯೊಳಗಿನ ತಳಮಳ ಒಂದೇ. ನಾನು ಮನಶ್ಶಾಸ್ತ್ರಜ್ಞನಲ್ಲ. ಕಂಡದ್ದನ್ನೂ ಓದಿದ್ದನ್ನೂ ಸೇರಿಸಿ ಹೇಳುತ್ತಿದ್ದೇನೆ, ಅಷ್ಟೆ.

ಸುದ್ದಿ ಕೇಳಿದಾಗ ನನಗೆ ಏನೂ ಅನ್ನಿಸಲೇ ಇಲ್ಲ. ನನ್ನಲ್ಲೇ ಏನಾದರೂ ದೋಷವಿದೆಯೇ?

ಇಲ್ಲ. ನಮ್ಮ ಶಾಖೆಗೆ ಸುದ್ದಿ ಬಂದದ್ದು ಎದುರಿನ ಹೋಟೆಲಿನ ಟಿವಿಯಿಂದ. ಚಹಾ ತರಲು ಹೋಗಿದ್ದ ಅಟೆಂಡರ್ ಫ್ಲಾಸ್ಕನ್ನು ಅಲ್ಲೇ ಬಿಟ್ಟು ಓಡಿ ಬಂದ. ಆಗ ಕ್ಯಾಷಿಯರ್ ಐನೂರರ ಕಟ್ಟೊಂದನ್ನು ಎಣಿಸುತ್ತಿದ್ದರು. ತಲೆ ಎತ್ತಿ ಕೇಳಿಸಿಕೊಂಡರು, "ಹೌದಾ" ಎಂದರು, ಕಟ್ಟನ್ನು ಮತ್ತೆ ಮೊದಲಿನಿಂದ ಎಣಿಸತೊಡಗಿದರು. ಮುಗಿದ ಮೇಲೆ ಇನ್ನೊಮ್ಮೆ. ಎಣಿಸುವ ಮಷೀನು ಕೈಗೆಟುಕುವ ದೂರದಲ್ಲೇ ಇತ್ತು. ಅಂದು ಸಂಜೆ ಕ್ಯಾಶ್ ಟ್ಯಾಲಿ ಆಗದೆ ಏಳೂವರೆಯವರೆಗೆ ಕೂತರು. ವರ್ಷಗಟ್ಟಲೆ ಹತ್ತು ರೂಪಾಯಿ ವ್ಯತ್ಯಾಸ ತೋರಿಸಿದವರಲ್ಲ. ಕೇಳಿದ್ದರೆ ಅವರೂ "ನನಗೆ ಏನೂ ಅನ್ನಿಸಲಿಲ್ಲ" ಎಂದೇ ಹೇಳುತ್ತಿದ್ದರು.

ಸುದ್ದಿ ಕಿವಿಗೆ ಬೀಳುವುದಕ್ಕೂ ಅದು ತನ್ನ ಬದುಕಿನದೇ ಸುದ್ದಿ ಎಂದು ಒಳಗಿಳಿಯುವುದಕ್ಕೂ ನಡುವೆ ಹೊತ್ತು ಹಿಡಿಯುತ್ತದೆ. ಕೆಲವರಿಗೆ ಒಂದು ರಾತ್ರಿ ಸಾಕು, ಕೆಲವರಿಗೆ ವರ್ಗಾವಣೆಯ ಪಟ್ಟಿ ಬರುವ ತನಕ ಇಳಿಯುವುದಿಲ್ಲ. ಆ ದಿನ ನಿಮ್ಮ ಮನಸ್ಸನ್ನು ಕೆದಕಿ ನೋಡುವುದಕ್ಕಿಂತ ನಿಮ್ಮ ಕೈ ಏನು ಮಾಡುತ್ತಿದೆ ನೋಡಿ. ಬೀಗ ಎರಡೆರಡು ಸಲ ಎಳೆದು ನೋಡುವುದು, ಕಳಿಸಿದ ಇಮೇಲನ್ನೇ ಮತ್ತೆ ತೆರೆಯುವುದು, ಸುಮ್ಮಸುಮ್ಮನೆ ಮೇಜು ಒರೆಸುವುದು ಎಲ್ಲವೂ ಕಾಣಿಸುತ್ತದೆ.

ಅಷ್ಟು ದೊಡ್ಡ ಬದಲಾವಣೆ ಹೇಳಿದರೆ ಜನ ಕೇಳುವುದು ಕ್ಷುಲ್ಲಕ ಪ್ರಶ್ನೆಗಳನ್ನು. ಯಾಕೆ?

ನನಗೂ ಮೊದಲು ಹಾಗೇ ಅನ್ನಿಸಿತ್ತು. ಆ ದಿನ ಶಾಖೆ ಬಾಗಿಲು ಹಾಕಿದ ಮೇಲೆ ಎಲ್ಲರೂ ನನ್ನ ಮೇಜಿನ ಸುತ್ತ ನಿಂತರು. ಬ್ಯಾಲೆನ್ಸ್ ಶೀಟ್, ಷೇರು ವಿನಿಮಯದ ಅನುಪಾತ ಯಾರಿಗೂ ಬೇಕಿರಲಿಲ್ಲ. ಒಬ್ಬರು ಕೇಳಿದ್ದು, "ಸಾರ್, ಪಿಎಫ್ ನಂಬರ್ ಬದಲಾಗ್ತದಾ?" ಇನ್ನೊಬ್ಬರದು, "ಹೌಸಿಂಗ್ ಲೋನಿನ ಬಡ್ಡಿ ಸ್ಟಾಫ್ ರೇಟಿನಲ್ಲೇ ಇರ್ತದಾ?" ಹೊಸದಾಗಿ ಸೇರಿದ ಹುಡುಗಿ, "ಸಾರ್, ಹಿಂದಿ ಬೇಕಾಗ್ತದಾ?" ಎಂದಳು. ಅಟೆಂಡರ್ ಗೋಡೆ ತೋರಿಸಿದ. ಅಲ್ಲಿದ್ದ ಸ್ಥಾಪಕರ ಫೋಟೋಗೆ ಪ್ರತಿ ಶುಕ್ರವಾರ ಊದುಬತ್ತಿ ಹಚ್ಚುವವನು ಅವನೇ. "ಇವರನ್ನು ಎಂತ ಮಾಡುವುದು ಸಾರ್?"

ನಾನು ನಕ್ಕುಬಿಟ್ಟೆ. ಇವತ್ತಿಗೂ ಆ ನಗು ನೆನಪಾದರೆ ನಾಚಿಕೆಯಾಗುತ್ತದೆ.

ಪಿಎಫ್ ನಂಬರ್ ಎಂದರೆ ಸೇವೆಗೆ ಸೇರಿದ ದಿನದಿಂದ ನಿಮ್ಮ ಹೆಸರಿಗೆ ಅಂಟಿದ್ದು. ಸೀನಿಯಾರಿಟಿ, ಪ್ರಮೋಷನ್, ವರ್ಗಾವಣೆ ಎಲ್ಲವೂ ಆ ಅಂಕೆಯ ಹಿಂದೆ ನಡೆದುಬರುತ್ತವೆ. ಅದು ಬದಲಾಗುತ್ತದಾ ಎಂದು ಕೇಳಿದವರು ನಿಜವಾಗಿ ಕೇಳಿದ್ದು, "ಅಲ್ಲಿ ನಾನು ಯಾರು? ಇಪ್ಪತ್ತಾರು ವರ್ಷದ ಲೆಕ್ಕ ಅಲ್ಲಿ ಯಾರ ಹತ್ತಿರ ಇದೆ?" ಎಂದು. ಹಿಂದಿಯ ಪ್ರಶ್ನೆ ಕೇಳಿದವಳಿಗೆ ಗುಜರಾತಿಗೋ ಉತ್ತರ ಪ್ರದೇಶಕ್ಕೋ ಹಾಕಿಬಿಡುತ್ತಾರೇನೋ ಎಂಬ ದಿಗಿಲು. ಇಡೀ ಬದಲಾವಣೆಯನ್ನು ಒಂದೇ ತುತ್ತಿಗೆ ಯಾರೂ ನುಂಗಲಾರರು. ಕೈಗೆ ಸಿಕ್ಕ ಒಂದು ತುಂಡನ್ನು ಹಿಡಿದು ಕೇಳುತ್ತಾರೆ, ಆ ತುಂಡಿನಲ್ಲಿ ಅವರ ಇಡೀ ಹೆದರಿಕೆ ಇರುತ್ತದೆ. ಮೊದಲ ದಿನ ಯಾರು ಏನು ಕೇಳಿದರು ಎಂದು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ ಎಂದು ಈಗ ಮ್ಯಾನೇಜರ್ ಆಗಿರುವ ಎಲ್ಲರಿಗೂ ಹೇಳುತ್ತೇನೆ. ನಾನು ಬರೆದಿಟ್ಟುಕೊಳ್ಳಲಿಲ್ಲ.

ಯಾರ ಕೆಲಸವೂ ಹೋಗುವುದಿಲ್ಲ ಎಂದು ಸ್ಪಷ್ಟವಾಗಿ ಹೇಳಿದ್ದಾರೆ. ಆದರೂ ಹೆದರಿಕೆ ಯಾಕೆ?

2019ರ ಆಗಸ್ಟ್ 30, ಶುಕ್ರವಾರ, ಹತ್ತು ಸರ್ಕಾರಿ ಬ್ಯಾಂಕುಗಳನ್ನು ನಾಲ್ಕಾಗಿಸುವ ಘೋಷಣೆಯಾದಾಗಲೂ ಕೆಲಸಕ್ಕೆ ಕುತ್ತಿಲ್ಲ ಎಂದು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಹೇಳಿದ್ದರು. ಆ ಮಾತನ್ನು ಎಷ್ಟೋ ಜನ ನಂಬಿದರು ಕೂಡ. ಆದರೆ ಕೆಲಸ ಎಂದರೆ ಸಂಬಳದ ಚೀಟಿ ಮಾತ್ರವಲ್ಲವಲ್ಲ. ಎಷ್ಟು ಗಂಟೆಯ ಬಸ್ಸು, ಯಾರ ಪಕ್ಕದ ಕುರ್ಚಿ, ರೀಜನಲ್ ಆಫೀಸಿನಲ್ಲಿ ಯಾರಿಗೆ ಫೋನ್ ಮಾಡಿದರೆ ಕೆಲಸ ಆಗುತ್ತದೆ, ಯಾವ ಗ್ರಾಹಕರ ಸಾಲ ನಂಬಬಹುದು – ಇದೆಲ್ಲ ವರ್ಷಗಳ ಗಳಿಕೆ. ಇದು ಯಾವ ಆದೇಶದಲ್ಲೂ ಬರೆದಿರುವುದಿಲ್ಲ, ಹಾಗಾಗಿ ಯಾವ ಭರವಸೆಯೂ ಇದನ್ನು ಕಾಪಾಡುವುದಿಲ್ಲ.

ಇಲ್ಲಿ ಎರಡು ಸಂಗತಿ ಸೇರಿಕೊಂಡಿವೆ. ಮೊದಲನೆಯದನ್ನು ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನ್ಮನ್ ಮತ್ತು ಆಮೋಸ್ ಟ್ವೆರ್ಸ್ಕಿ 1979ರಲ್ಲಿ ಮುಂದಿಟ್ಟರು. ಸಾವಿರ ರೂಪಾಯಿ ಸಿಕ್ಕ ಸಂತೋಷಕ್ಕಿಂತ ಸಾವಿರ ಕಳೆದುಕೊಂಡ ನೋವು ಹೆಚ್ಚು ತೂಗುತ್ತದೆ, ಅವರ ಮುಂದಿನ ಅಂದಾಜಿನಲ್ಲಿ ಸುಮಾರು ಎರಡು ಪಟ್ಟು. ಘೋಷಣೆಯ ದಿನ ಕಳೆಯುವುದೆಲ್ಲ ಕಣ್ಣಮುಂದೆ ಇರುತ್ತದೆ, ಸಿಗುವುದು ಪವರ್‌ಪಾಯಿಂಟಿನಲ್ಲಿ ಮಾತ್ರ ಇರುತ್ತದೆ. ತಕ್ಕಡಿ ಯಾವ ಕಡೆ ವಾಲಬೇಕು ಹೇಳಿ.

ಎರಡನೆಯದು ಅನಿಶ್ಚಿತತೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗವೊಂದಿದೆ. 45 ಮಂದಿಗೆ ಒಂದು ಕಂಪ್ಯೂಟರ್ ಆಟ ಕೊಟ್ಟರು. ಕಲ್ಲಿನ ಅಡಿಯಲ್ಲಿ ಹಾವಿದೆಯೋ ಇಲ್ಲವೋ ಊಹಿಸಬೇಕು. ಹಾವು ಸಿಕ್ಕರೆ ಕೈಗೆ ನೋವಾಗುವಷ್ಟು ಶಾಕ್. ಬೆವರು, ಕಣ್ಣಿನ ಪಾಪೆ ಎಲ್ಲ ಅಳೆದು ನೋಡಿದರೆ ಒತ್ತಡ ಅತಿ ಹೆಚ್ಚಾದದ್ದು ಶಾಕ್ ಖಂಡಿತ ಎಂದು ಗೊತ್ತಿದ್ದಾಗ ಅಲ್ಲ, ಹಾವಿರುವ ಸಾಧ್ಯತೆ ಅರ್ಧಕ್ಕರ್ಧ ಇದ್ದಾಗ. "ವರ್ಗ ಮಾಡುವುದಾದರೆ ಮಾಡಿಬಿಡಲಿ ಮಾರಾಯ್ರೆ, ಗೊತ್ತಾದರೆ ಸಾಕು" ಎಂದು ನಮ್ಮ ಹೆಡ್ ಕ್ಲರ್ಕ್ ವಾರಕ್ಕೆರಡು ಸಲ ಹೇಳುತ್ತಿದ್ದರು. ಅವರು ಈ ಪ್ರಯೋಗವನ್ನೇನೂ ಓದಿರಲಿಲ್ಲ.

ಘೋಷಣೆಯ ಮರುದಿನದಿಂದಲೇ ಗಾಳಿಸುದ್ದಿ. ಅದೂ ಬರೀ ಕೆಟ್ಟ ಸುದ್ದಿ. ಜನರಿಗೆ ಇದರಲ್ಲಿ ಏನು ಸುಖ?

ಸುಖ ಏನೂ ಇಲ್ಲ. ಇದಕ್ಕೆ ನಮ್ಮ ದೇಶದ್ದೇ ಒಂದು ಉದಾಹರಣೆ ಇದೆ, ಅದನ್ನು ಹೇಳದೆ ಮುಂದೆ ಹೋಗಲಾರೆ. 1934ರ ಜನವರಿ 15ರಂದು ಬಿಹಾರದಲ್ಲಿ ಭೀಕರ ಭೂಕಂಪವಾಯಿತು. ನೆಲ ಜೋರಾಗಿ ನಡುಗಿದರೂ ಮನೆಮಾರು ಬೀಳದ ಪ್ರದೇಶದಲ್ಲಿ ಹಬ್ಬಿದ ವದಂತಿಗಳನ್ನು ಜಮುನಾ ಪ್ರಸಾದ್ ಎಂಬ ಮನಶ್ಶಾಸ್ತ್ರಜ್ಞರು ಕಲೆಹಾಕಿದರು. ಚಂದ್ರಗ್ರಹಣದ ದಿನ ಇನ್ನೂ ದೊಡ್ಡ ಭೂಕಂಪ, ಇಂಥ ತಾರೀಕಿಗೆ ಚಂಡಮಾರುತ, ಹೀಗೆ. ಅಪಾಯ ದಾಟಿದವರು ಇನ್ನಷ್ಟು ಅಪಾಯದ ಕಥೆಯನ್ನು ಯಾಕೆ ಕಟ್ಟಬೇಕು? ಅಮೆರಿಕದ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ ಈ ಬರಹ ಓದಿ ತಲೆ ಕೆಡಿಸಿಕೊಂಡರು. ಅವರು ಕಂಡುಕೊಂಡ ಉತ್ತರ ಇದು: ಎದೆಯಲ್ಲಿ ಹೆದರಿಕೆ ಉಳಿದಿದೆ, ಕಣ್ಣಮುಂದೆ ಕಾರಣ ಇಲ್ಲ, ಆಗ ಮನಸ್ಸು ಹೆದರಿಕೆಗೆ ಒಪ್ಪುವ ಕಾರಣವೊಂದನ್ನು ಹುಡುಕಿಕೊಳ್ಳುತ್ತದೆ. 1957ರಲ್ಲಿ ಅವರು ಮಂಡಿಸಿದ ಪ್ರಸಿದ್ಧ ಕಾಗ್ನಿಟಿವ್ ಡಿಸೊನೆನ್ಸ್ (ಮನಸ್ಸಿನೊಳಗಿನ ವಿಸಂಗತಿ) ಸಿದ್ಧಾಂತಕ್ಕೆ ಬೀಜ ಬಿದ್ದದ್ದು ಅಲ್ಲೇ.

ನಮ್ಮಲ್ಲಿ ಹುಟ್ಟಿದ್ದು "ಐವತ್ತು ದಾಟಿದವರ ಪಟ್ಟಿ ಹೆಡ್ ಆಫೀಸಿನಲ್ಲಿ ರೆಡಿಯಾಗಿದೆ" ಎಂಬ ಸುದ್ದಿ. ನೋಡಿದವರು ಯಾರೂ ಇಲ್ಲ, ನೋಡಿದವರನ್ನು ಬಲ್ಲವರು ಮಾತ್ರ ಎಲ್ಲ ಶಾಖೆಯಲ್ಲೂ ಇದ್ದರು. ಅಧಿಕೃತ ಸರ್ಕ್ಯುಲರ್ ಬರಲು ಮೂರು ವಾರ ಹಿಡಿಯಿತು. ಬಂದದ್ದು ಇಂಗ್ಲಿಷಿನಲ್ಲಿ, ಎರಡೂವರೆ ಪುಟ, ಅದರಲ್ಲಿ ಎರಡು ಪುಟ ಬ್ಯಾಂಕಿನ ಭವ್ಯ ಪರಂಪರೆ. ಆ ಮೂರು ವಾರದಲ್ಲಿ ವಾಟ್ಸ್‌ಆ್ಯಪ್ ತನ್ನ ಕೆಲಸ ಮುಗಿಸಿತ್ತು. ವದಂತಿ ಹಬ್ಬಿಸುವವರ ಮೇಲೆ ಕ್ರಮ ಎಂದು ಎಚ್ಚರಿಕೆ ಹೊರಡಿಸುವ ಆಡಳಿತಗಳನ್ನು ಕಂಡರೆ ನನಗೆ ನಗು ಬರುತ್ತದೆ. ವದಂತಿಯನ್ನು ಪ್ರಶ್ನಾವಳಿ ಎಂದು ಓದಿ. ಐವತ್ತು ದಾಟಿದವರ ಪಟ್ಟಿಯ ಸುದ್ದಿ ಇದೆ ಎಂದರೆ ಐವತ್ತು ದಾಟಿದವರಿಗೆ ಯಾರೂ ಏನೂ ಹೇಳಿಲ್ಲ ಎಂದು ಅರ್ಥ.

ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಗೆ – ಈ ಐದು ಹಂತಗಳನ್ನು ಎಲ್ಲರೂ ದಾಟಲೇಬೇಕಂತೆ. ಹೌದೇ?

ಟ್ರೈನಿಂಗಿನಲ್ಲಿ ಈ ಡೊಂಕುಗೆರೆಯ ಚಿತ್ರ ತೋರಿಸದವರಿಲ್ಲ. ಎಲಿಜಬೆತ್ ಕ್ಯೂಬ್ಲರ್-ರಾಸ್ ಎಂಬ ಮನೋವೈದ್ಯೆ 1969ರಲ್ಲಿ ಈ ಐದನ್ನು ಬರೆದದ್ದು ಸಾವಿನ ಅಂಚಿನಲ್ಲಿದ್ದ ರೋಗಿಗಳ ಜೊತೆ ಮಾತಾಡಿ. ಕಚೇರಿಯ ನೌಕರರನ್ನು ನೋಡಿ ಅಲ್ಲ. ಆಮೇಲೆ ಮ್ಯಾನೇಜ್‌ಮೆಂಟಿನವರು ಅದನ್ನು ತಂದು ಬದಲಾವಣೆಯ ರೇಖೆ ಎಂದು ಹಾಕಿಕೊಂಡರು. ಪದಗಳು ಉಪಯೋಗಕ್ಕೆ ಬರುತ್ತವೆ, ಸಿಟ್ಟು ಚೌಕಾಸಿ ಎಲ್ಲ ನಾನೂ ಕಂಡಿದ್ದೇನೆ. ಆದರೆ ಬಸ್ ಸ್ಟಾಪಿನಂತೆ ಸಾಲಾಗಿ ಬರುವುದಿಲ್ಲ. ಬೆಳಿಗ್ಗೆ ಒಪ್ಪಿದವರು ಸಂಜೆ ಉರಿಯುತ್ತಾರೆ. ಕೆಟ್ಟದ್ದೇನೆಂದರೆ, ನ್ಯಾಯವಾದ ತಕರಾರು ಎತ್ತಿದವನನ್ನೂ "ಅವನು ಇನ್ನೂ ಎರಡನೇ ಹಂತದಲ್ಲಿದ್ದಾನೆ" ಎಂದು ಬದಿಗೆ ಸರಿಸಲು ಈ ಚಿತ್ರ ಒದಗಿಬರುತ್ತದೆ.

ಬ್ಯಾಂಕಿನ ಹೆಸರು ಹೋಗುತ್ತದೆ ಎಂದು ಅತ್ತವರನ್ನು ನೋಡಿದ್ದೇನೆ. ಬೋರ್ಡಿನ ಮೇಲಿನ ಹೆಸರಿಗೆ ಅಷ್ಟೊಂದು ಅಳುವುದೇ?

ನೀವು ಕರಾವಳಿಯವರಲ್ಲ ಎಂದು ಕಾಣುತ್ತದೆ. ಕಾರ್ಪೊರೇಷನ್ ಬ್ಯಾಂಕನ್ನು 1906ರಲ್ಲಿ ಉಡುಪಿಯಲ್ಲಿ ಶುರುಮಾಡಿದವರು ಹಾಜಿ ಅಬ್ದುಲ್ಲಾ ಸಾಹೇಬರು. ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳಿಂದ ಕೆನರಾ ಬ್ಯಾಂಕು. 1925ರಲ್ಲಿ ಉಡುಪಿಯಲ್ಲೇ ಸಿಂಡಿಕೇಟ್, ಉಪೇಂದ್ರ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ ಮೂವರಿಂದ. 1931ರಲ್ಲಿ ಎ.ಬಿ. ಶೆಟ್ಟರ ಮುಂದಾಳುತನದಲ್ಲಿ ಮಂಗಳೂರಿನಲ್ಲಿ ವಿಜಯ ಬ್ಯಾಂಕು. 1928ರಲ್ಲಿ ಸಿಂಡಿಕೇಟಿನವರು ಪಿಗ್ಮಿ ಶುರುಮಾಡಿದಾಗ ದಿನಕ್ಕೆ ಎರಡಾಣೆಯನ್ನೂ ಮನೆಬಾಗಿಲಿಗೆ ಬಂದು ಒಯ್ಯುತ್ತಿದ್ದರು. ಇಲ್ಲಿಯ ಎಷ್ಟೋ ಮನೆಗಳಲ್ಲಿ ಮಗಳ ಮದುವೆ, ಬಾವಿಯ ಪಂಪು, ಮೊದಲ ಹಂಚಿನ ಮಾಡು ಎಲ್ಲ ಪಿಗ್ಮಿ ದುಡ್ಡಿನವು. ಅಂಥ ಬ್ಯಾಂಕಿನಲ್ಲಿ ಕೆಲಸ ಸಿಕ್ಕಿದ ಹುಡುಗನನ್ನು ಊರು ಕರೆದದ್ದೇ "ಸಿಂಡಿಕೇಟಿನವ", "ವಿಜಯದವ" ಎಂದು. ಮನೆತನದ ಹೆಸರಿನ ಹಾಗೆ ಅದು ಅಂಟಿಕೊಂಡಿತು, ಮದುವೆ ಮಾತುಕತೆಯಲ್ಲಿ ಮೊದಲು ಬರುತ್ತಿದ್ದದ್ದೂ ಅದೇ.

ತಾನು ಯಾವ ಗುಂಪಿನವನು ಎಂಬುದು ಮನುಷ್ಯ ತನ್ನನ್ನು ತಾನು ಅಳೆದುಕೊಳ್ಳುವ ರೀತಿಯಲ್ಲೇ ಸೇರಿಹೋಗಿರುತ್ತದೆ. ವಿಲೀನದಲ್ಲಿ ಎರಡು ಕಡೆಯವರಿಗೂ ಒಂದೇ ಸುದ್ದಿ, ಆದರೆ ಹೆಸರು ಉಳಿಸಿಕೊಂಡವರಿಗೆ ಅದು ಕೆಲಸದ ಹೊರೆ, ಕಳೆದುಕೊಂಡವರಿಗೆ ಮನೆ ಬಿಟ್ಟ ಹಾಗೆ. 2018ರ ಸೆಪ್ಟೆಂಬರ್ 17ರಂದು ವಿಜಯ, ದೇನಾ, ಬರೋಡಾ ಮೂರನ್ನು ಸೇರಿಸುವ ಘೋಷಣೆಯಾದ ಮೇಲೆ ಕರಾವಳಿಯಲ್ಲಿ ಎದ್ದ ಮಾತು ಲಾಭನಷ್ಟದ್ದಷ್ಟೇ ಆಗಿರಲಿಲ್ಲ. "ಚೆನ್ನಾಗಿ ನಡೆಯುತ್ತಿದ್ದ ನಮ್ಮ ಬ್ಯಾಂಕೇ ಯಾಕೆ?" ಎಂಬ ಅವಮಾನವೂ ಅದರಲ್ಲಿತ್ತು. ಅವಮಾನಕ್ಕೆ ಅಂಕಿಅಂಶದ ಉತ್ತರ ಕೊಟ್ಟರೆ ಅದು ಇನ್ನಷ್ಟು ಕೆರಳುತ್ತದೆ.

ಕೆಲವರಿಗೆ ಖುಷಿಯಾಗಿತ್ತು. ಅವರು ದ್ರೋಹಿಗಳೇ?

ಖಂಡಿತ ಅಲ್ಲ. ಒಂದೇ ಹುದ್ದೆಯಲ್ಲಿ ಕೊಳೆಯುತ್ತಿದ್ದವರಿಗೆ, ಕಿರುಕುಳದ ಮೇಲಧಿಕಾರಿ ಇದ್ದವರಿಗೆ, ದೊಡ್ಡ ಊರಿಗೆ ಹೋಗುವ ಆಸೆಯಿದ್ದವರಿಗೆ ಅದು ತೆರೆದ ಕಿಟಕಿ. ಪಾಪ, ಅವರಿಗೆ ಖುಷಿಯನ್ನು ಮುಚ್ಚಿಡುವುದೇ ಒಂದು ಕೆಲಸವಾಗುತ್ತದೆ.

ವಯಸ್ಸಾದವರೇ ಹೆಚ್ಚು ವಿರೋಧಿಸುತ್ತಾರೆ, ಅಲ್ಲವೇ?

ಹಾಗೆ ಹೇಳುವುದು ರೂಢಿ, ನಾನು ಒಪ್ಪುವುದಿಲ್ಲ. ಬ್ಯಾಂಕುಗಳಿಗೆ ಕಂಪ್ಯೂಟರ್ ತರುವ ಬಗ್ಗೆ ಯೂನಿಯನ್‌ಗಳ ಜೊತೆ ಒಪ್ಪಂದವಾದದ್ದು 1983ರಲ್ಲಿ. ಆಮೇಲೆ ಶಾಖೆಗಳಿಗೆ ಬಂದ ಮಷೀನಿಗೆ ಎಎಲ್‌ಪಿಎಂ ಎಂದು ಹೆಸರು, ಬಿಡಿಸಿದರೆ "ಅಡ್ವಾನ್ಸ್‌ಡ್ ಲೆಡ್ಜರ್ ಪೋಸ್ಟಿಂಗ್ ಮಷೀನ್". ಹೆಸರಿನಲ್ಲಿ ಕಂಪ್ಯೂಟರ್ ಎಂಬ ಶಬ್ದವೇ ಇಲ್ಲ ನೋಡಿ. ಲೆಡ್ಜರ್ ಬರೆದೇ ಬೆರಳಿಗೆ ಗಂಟು ಬಂದಿದ್ದ ಹಿರಿಯರು ಹೆದರಿದರು, ಕಲಿತರು, ಆಮೇಲೆ ಎಲ್ಲ ಶಾಖೆಗಳನ್ನೂ ಒಂದೇ ಕಂಪ್ಯೂಟರ್ ಜಾಲಕ್ಕೆ ಸೇರಿಸುವ ಕೋರ್ ಬ್ಯಾಂಕಿಂಗ್ ಬಂದಾಗ ಕಿರಿಯರಿಗೆ ಕಲಿಸಿದರು. ಅವರಿಗೆ ಒಂದು ಬದಲಾವಣೆ ದಾಟಿದ ನೆನಪಿತ್ತು. ಮರ್ಜರ್ ಸುದ್ದಿ ಬಂದ ದಿನ ನಮ್ಮಲ್ಲಿ ಅತಿ ಹೆಚ್ಚು ಕುಸಿದವನು ಮೂವತ್ತೊಂದರ ಆಫೀಸರ್. ಆರು ತಿಂಗಳ ಹಿಂದೆ ಮನೆ ಸಾಲ ತೆಗೆದಿದ್ದ, ಹೆಂಡತಿಗೆ ಅದೇ ಊರಿನ ಶಾಲೆಯಲ್ಲಿ ಕೆಲಸ. ವಯಸ್ಸಿಗಿಂತ ಮನೆಯ ಲೆಕ್ಕ ಕೇಳಿ ನೋಡಿ.

ನಾನೇ ಮ್ಯಾನೇಜರ್. ನನಗೂ ಏನೂ ಗೊತ್ತಿಲ್ಲ. ಮೊದಲ ದಿನ ಸ್ಟಾಫಿಗೆ ಏನು ಹೇಳಲಿ?

ಗೊತ್ತಿರುವುದನ್ನು ಹೇಳಿ, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನಿ, ಯಾವ ದಿನ ಮತ್ತೆ ಕೂರೋಣ ಎಂದು ತಾರೀಕು ಕೊಡಿ. ಆ ತಾರೀಕಿಗೆ ಹೊಸದೇನೂ ಸಿಗದಿದ್ದರೂ ಕೂರಿ. "ಏನೂ ಬದಲಾಗುವುದಿಲ್ಲ" ಎಂಬ ಮಾತು ಮಾತ್ರ ಬಾಯಿಗೆ ಬರಬಾರದು. ನಾನು ಅದನ್ನು ಹೇಳಿದೆ. ಐದೇ ತಿಂಗಳಿಗೆ ನಮ್ಮ ಶಾಖೆಯನ್ನೇ ಎದುರು ಬೀದಿಯ ಶಾಖೆಗೆ ಸೇರಿಸಿದರು, ಆಮೇಲೆ ನಾನು ಹೇಳಿದ ನಿಜವನ್ನೂ ಯಾರೂ ನಂಬಲಿಲ್ಲ.

ವಿವರಣೆಗೆ ಎಷ್ಟು ಬೆಲೆ ಇದೆ ಎಂದು ಸಂಶೋಧಕ ಜೆರಾಲ್ಡ್ ಗ್ರೀನ್‌ಬರ್ಗ್ 1990ರಲ್ಲಿ ತೋರಿಸಿದರು. ಅಮೆರಿಕದ ಒಂದು ಕಂಪನಿ ಹತ್ತು ವಾರ ಸಂಬಳವನ್ನು ಶೇ 15ರಷ್ಟು ಕಡಿತ ಮಾಡಬೇಕಾಗಿ ಬಂತು. ಒಂದು ಕಾರ್ಖಾನೆಯಲ್ಲಿ ಮುಖ್ಯಸ್ಥರು ಬಂದು ತೊಂಬತ್ತು ನಿಮಿಷ ಲೆಕ್ಕ ತೋರಿಸಿ, ಪ್ರಶ್ನೆಗೆ ಉತ್ತರ ಕೊಟ್ಟು, ತಮಗೂ ಬೇಸರವಿದೆ ಎಂದರು. ಇನ್ನೊಂದರಲ್ಲಿ ಹದಿನೈದು ನಿಮಿಷದಲ್ಲಿ ವಿಷಯ ತಿಳಿಸಿ ಮುಗಿಸಿದರು. ಕಡಿತ ಎರಡೂ ಕಡೆ ಅಷ್ಟೇ. ಕಾರ್ಖಾನೆಯ ಸಾಮಾನು ಕಳವಾಗುವುದು ಎರಡೂ ಕಡೆ ಏರಿತು, ಹದಿನೈದು ನಿಮಿಷದ ಕಡೆ ಬಹಳ ಹೆಚ್ಚು.

ಇನ್ನೂ ಹಳೆಯದು ಅಮೆರಿಕದ ವರ್ಜೀನಿಯಾದ ಮೇರಿಯನ್ ಊರಿನ ಪೈಜಾಮ ಕಾರ್ಖಾನೆಯದು, ಸಂಶೋಧಕರಾದ ಕಾಕ್ ಮತ್ತು ಫ್ರೆಂಚ್ 1948ರಲ್ಲಿ ಬರೆದದ್ದು. ಕೆಲಸದ ವಿಧಾನ ಬದಲಾಯಿಸುವಾಗ ಒಂದು ಗುಂಪಿಗೆ ಬರೀ ತಿಳಿಸಿದರು, ಕೆಲವು ಗುಂಪುಗಳನ್ನು ಯೋಜನೆಯಲ್ಲೇ ಸೇರಿಸಿಕೊಂಡರು. ಬರೀ ತಿಳಿಸಿದ ಗುಂಪಿನಲ್ಲಿ ನಲವತ್ತು ದಿನದೊಳಗೆ ಶೇ 17ರಷ್ಟು ಮಂದಿ ಕೆಲಸ ಬಿಟ್ಟರು. ಸೇರಿಸಿಕೊಂಡ ಗುಂಪುಗಳಿಂದ ಯಾರೂ ಹೋಗಲಿಲ್ಲ. ವಿಲೀನ ಬೇಕೋ ಬೇಡವೋ ಎಂದು ಶಾಖೆಯಲ್ಲಿ ಮತ ಹಾಕಿಸಲು ನಿಮ್ಮಿಂದಾಗದು, ನಿಜ. ಆದರೆ ಹೊಸ ಸಾಫ್ಟ್‌ವೇರ್ ಯಾರು ಮೊದಲು ಕಲಿಯಬೇಕು, ಕೌಂಟರ್ ಯಾವ ಕಡೆ ಇಡಬೇಕು, ಹಳೆಯ ರೆಕಾರ್ಡುಗಳನ್ನು ಯಾರು ಜೋಡಿಸಬೇಕು ಎಂಬುದನ್ನು ಕೇಳಬಹುದಲ್ಲ.

ಮೀಟಿಂಗಿನಲ್ಲಿ ಯಾರೂ ತುಟಿಪಿಟಕ್ ಎನ್ನಲಿಲ್ಲ. ಒಪ್ಪಿದರು ಎಂದುಕೊಳ್ಳಲೇ?

ಮೀಟಿಂಗ್ ಮುಗಿದ ಮೇಲೆ ಪಾರ್ಕಿಂಗಿಗೆ ಹೋಗಿ ನೋಡಿ. ಬೈಕ್ ಸ್ಟಾರ್ಟ್ ಮಾಡದೆ ನಿಂತಿರುವವರ ಸಂಖ್ಯೆ ಎಣಿಸಿ.

ಈಗಲೇ ರಾಜೀನಾಮೆ ಕೊಟ್ಟುಬಿಡೋಣ ಅನ್ನಿಸುತ್ತಿದೆ.

ಮೊದಲ ಹದಿನೈದು ದಿನ ಬೇಡ. ಅನಿಶ್ಚಿತತೆಯಿಂದ ಪಾರಾಗುವ ತವಕ ನಿರ್ಧಾರದ ವೇಷ ಹಾಕಿಕೊಂಡು ಬರುತ್ತದೆ. 2000-01ರ ಸ್ವಯಂ ನಿವೃತ್ತಿ ಯೋಜನೆ, ಅಂದರೆ ವಿಆರ್‌ಎಸ್‌ನಲ್ಲಿ ಸರ್ಕಾರಿ ಬ್ಯಾಂಕುಗಳಿಂದ ಲಕ್ಷದಷ್ಟು ಮಂದಿ ಹೊರಬಂದರು. ಅವರಲ್ಲಿ ಲೆಕ್ಕ ಹಾಕಿ ಬಂದವರು ಸುಖವಾಗಿದ್ದುದನ್ನು ಕಂಡಿದ್ದೇನೆ. "ಎಲ್ಲರೂ ಹೋಗುತ್ತಿದ್ದಾರೆ" ಎಂದು ಬಂದ ನನ್ನ ಸ್ನೇಹಿತರೊಬ್ಬರು ಎರಡು ವರ್ಷ ಬೆಳಿಗ್ಗೆ ಒಂಬತ್ತೂವರೆಗೆ ಇಸ್ತ್ರಿ ಅಂಗಿ ಹಾಕಿಕೊಂಡು ಜಗಲಿಯಲ್ಲಿ ಕೂರುತ್ತಿದ್ದರು. ಪಿಂಚಣಿ, ಗ್ರಾಚ್ಯುಟಿ, ಸಾಲದ ಬಾಕಿ ಮೂರನ್ನೂ ಕಾಗದದ ಮೇಲೆ ಬರೆದು ಮನೆಯವರ ಮುಂದಿಟ್ಟ ಮೇಲೆ ತೀರ್ಮಾನಿಸಿ.

ನಿದ್ದೆ ಬರುತ್ತಿಲ್ಲ, ಊಟ ಸೇರುತ್ತಿಲ್ಲ. ಇದು ಎಷ್ಟು ದಿನ?

ಕೆಲವು ದಿನ ಹೀಗಾಗುವುದು ಸಹಜ, ಮೊದಲ ಖಚಿತ ಮಾಹಿತಿ ಬಂದ ಮೇಲೆ ಹೆಚ್ಚಿನವರಿಗೆ ಸಡಿಲವಾಗುತ್ತದೆ. ಎರಡು ವಾರ ಕಳೆದರೂ ಹಾಗೇ ಇದ್ದರೆ, ಕುಡಿತ ಹೆಚ್ಚಾಗಿದ್ದರೆ ವೈದ್ಯರನ್ನು ನೋಡಿ. ಬದುಕೇ ಬೇಡ ಎಂಬ ಯೋಚನೆ ಒಮ್ಮೆ ಬಂದರೂ ಎರಡು ವಾರ ಕಾಯುತ್ತ ಕೂರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿದರೆ ಹಗಲೂ ರಾತ್ರಿ ಉಚಿತವಾಗಿ ಸಿಗುತ್ತಾರೆ, ಕನ್ನಡದಲ್ಲೇ ಮಾತಾಡಬಹುದು. ಮನೆಯವರಿಗೆ ಮುಚ್ಚಿಡಬೇಡಿ. ನೀವು ಹೇಳದಿದ್ದರೂ ತಟ್ಟೆಯಲ್ಲಿ ಉಳಿಸಿದ ಅನ್ನ ಹೇಳಿರುತ್ತದೆ.

ಗ್ರಾಹಕರು ಬಂದು ಕೇಳುತ್ತಾರೆ. ನಮಗೇ ತಲೆ ಕೆಟ್ಟಿರುವಾಗ ಅವರಿಗೆ ಏನು ಹೇಳುವುದು?

ಅವರದೂ ನಿಮ್ಮದೇ ಪ್ರಶ್ನೆ. ಐಎಫ್‌ಎಸ್‌ಸಿ, ಚೆಕ್ ಪುಸ್ತಕ ಎಲ್ಲ ರಾತ್ರಿ ಬೆಳಗಾಗುವುದರೊಳಗೆ ಬದಲಾಗುವುದಿಲ್ಲ ಎಂದು ಹೇಳಿ. ಸಿಂಡಿಕೇಟಿನ ಹಳೆಯ ಐಎಫ್‌ಎಸ್‌ಸಿ ನಿಂತದ್ದು ವಿಲೀನವಾಗಿ ವರ್ಷ ದಾಟಿದ ಮೇಲೆ, 2021ರ ಜುಲೈ 1ಕ್ಕೆ.

ನಮ್ಮಲ್ಲಿ ಸುದ್ದಿ ಬಂದ ಮರುದಿನ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಮೀನು ಮಾರುವ ಅಮ್ಮ ಒಬ್ಬರು ಮೆಟ್ಟಿಲಲ್ಲಿ ಕೂತಿದ್ದರು. ಪ್ಲಾಸ್ಟಿಕ್ ಚೀಲದೊಳಗೆ ಚೀಲ, ಅದರೊಳಗೆ ಪಾಸ್‌ಬುಕ್. "ಇದು ಇನ್ನು ನಡೀತದಾ?" ಎಂದರು. ನಾನು ವಿಲೀನ, ರಿಸರ್ವ್ ಬ್ಯಾಂಕ್ ಎಂದು ಏನೋ ಶುರುಮಾಡಿದ್ದೆ. ಅಟೆಂಡರ್ ನಡುವೆ ಬಾಯಿ ಹಾಕಿದ. "ನಡೀತದೆ ಅಮ್ಮ. ದುಡ್ಡು ಇಲ್ಲೇ ಉಂಟು, ನಾನೂ ಇಲ್ಲೇ ಇದ್ದೇನೆ. ಪುಸ್ತಕದ ಬಣ್ಣ ಬೇರೆ ಆಗಬಹುದು, ಅಷ್ಟೆ." ಅವರು ಪಾಸ್‌ಬುಕ್ಕನ್ನು ಮತ್ತೆ ಚೀಲದೊಳಗೆ ಸುತ್ತಿ ಬುಟ್ಟಿ ಎತ್ತಿಕೊಂಡು ಹೊರಟರು. ಆಮೇಲೆ ಅವನು ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದ, "ನಾನು ಇಲ್ಲೇ ಇರ್ತೇನಲ್ಲ ಸಾರ್?"